ಗಟಾರದ ನೀರು ಹಿಡಿದ ಏಳು ದಿನ

ಗಟಾರದ ನೀರಿಗೆಲ್ಲ ಒಂದೇ ವಾಸನೆ ಎನ್ನುವವರು ಅದನ್ನು ಮೂಗಿನ ಹತ್ತಿರ ಹಿಡಿದು ನೋಡಿದವರಲ್ಲ. ಬೆಳಗಿನ ಆರು ಗಂಟೆಯ ನೀರು ಬೇರೆ, ಮಧ್ಯಾಹ್ನದ್ದು ಬೇರೆ. ಬೆಳಗಾವಿಯ ನಮ್ಮ ಶಹಾಪುರದ ನೇಕಾರರ ಓಣಿಗಳಲ್ಲಿ ಅದಕ್ಕೆ ಬಣ್ಣದ ಮತ್ತು ಗಂಜಿಯ ವಾಸನೆ. ಆಸ್ಪತ್ರೆಗಳ ಹಿಂದೆ ಫಿನಾಯಿಲು. ಸಾವಿರಾರು ಜನ ಒಂದೇ ಪೆಂಡಾಲಿನಲ್ಲಿ ಉಂಡು ಮಲಗಿ ಎದ್ದ ಜಾಗದಲ್ಲಾದರೆ ಅಕ್ಕಿ ತೊಳೆದ ನೀರು, ತುಪ್ಪ, ಸೋಪು, ಬ್ಲೀಚಿಂಗ್ ಪುಡಿ ಎಲ್ಲ ಕಲಸಿದಂಥ ಒಂದು ವಾಸನೆ. ಹೋದ ತಿಂಗಳು ಖಾನಾಪುರದಲ್ಲಿ ಗೆಳೆಯನ ಮಗಳ ಮದುವೆಗೆ ಹೋಗಿದ್ದೆ. ಊಟ ಮುಗಿಸಿ ಕೈ ತೊಳೆಯಲು ಹಿತ್ತಿಲ ಕಡೆ ಹೋದಾಗ ಅದೇ ವಾಸನೆ ಬಂತು. ಕೈ ತೊಳೆಯದೆ ವಾಪಸು ಬಂದು ಕಾರಿನಲ್ಲಿ ಕುಳಿತೆ. ಯಾಕೆ ಎಂದು ಹೆಂಡತಿ ಕೇಳಿದಳು. ಎಸಿಡಿಟಿ ಎಂದೆ.

ನಾನು ಬೆಳಗಾವಿಯ ಒಂದು ಲ್ಯಾಬಿನಲ್ಲಿ ಟೆಕ್ನೀಶಿಯನ್. ಕೊರೊನಾ ಮುಗಿದ ಮೇಲಿನ ಒಂದು ಫೆಬ್ರುವರಿಯಲ್ಲಿ ನಮ್ಮ ಮೇಡಂ ಹೊಸ ಯೋಜನೆಯೊಂದನ್ನು ತಂದಿದ್ದರು. ದೊಡ್ಡ ಜನಸಂದಣಿ ಸೇರುವಲ್ಲಿ ಗಟಾರದ ನೀರು ಹಿಡಿದು, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಅದರಲ್ಲಿ ಇವೆಯೇ ಎಂದು ನೋಡುವ ಕೆಲಸ. ಮನುಷ್ಯ ಬಾಯಲ್ಲಿ ಏನು ಬೇಕಾದರೂ ಹೇಳಬಹುದು, ಹೊಟ್ಟೆಯಲ್ಲಿ ಹೊತ್ತು ತಂದದ್ದನ್ನು ಮಾತ್ರ ಪಾಯಖಾನೆಯಲ್ಲಿ ಬಿಟ್ಟೇ ಹೋಗುತ್ತಾನೆ. ನಾಲ್ಕು ಜಿಲ್ಲೆಯ ಜನ ಒಂದು ವಾರ ಒಂದೆಡೆ ಇದ್ದರೆ, ಮುಂದೆ ನಾಲ್ಕು ಜಿಲ್ಲೆಯ ಆಸ್ಪತ್ರೆಗಳಲ್ಲಿ ಯಾವ ಔಷಧ ಕೈಕೊಡಲಿದೆ ಎಂಬುದು ಒಂದು ಪೈಪಿನಲ್ಲಿ ತಿಳಿಯುತ್ತದೆ. ಯಾರ ಹೆಸರೂ ಕೇಳಬೇಕಿಲ್ಲ, ಯಾರ ರಕ್ತವೂ ಬೇಕಿಲ್ಲ. ಬಹಳ ಜಾಣ ಕೆಲಸ ಎನ್ನಿಸಿತ್ತು ನನಗೆ. ಹೆಸರು ಕೇಳದ ಕೆಲಸದಲ್ಲಿ ಯಾರಿಗೂ ಮುಖ ಕೊಟ್ಟು ಉತ್ತರ ಹೇಳಬೇಕಿಲ್ಲ ಎಂಬುದು ಅದರ ಇನ್ನೊಂದು ಸುಖವಾಗಿತ್ತು.

ಮೊದಲಿಗೆ ಸಿಕ್ಕಿದ್ದು ಖಾನಾಪುರದ ಹೊರಗೆ ಹೊಸ ಬಸದಿಯೊಂದರ ಪಂಚಕಲ್ಯಾಣ. ಮೂರ್ತಿ ಪ್ರತಿಷ್ಠೆಯ ಏಳು ದಿನಗಳ ಉತ್ಸವ. ಮಲಪ್ರಭೆಯ ದಂಡೆಯ ಹತ್ತಿರ ಕಬ್ಬು ಕಡಿದು ಖಾಲಿಯಾಗಿದ್ದ ಹೊಲಗಳಲ್ಲಿ ಪೆಂಡಾಲು ಎದ್ದಿತು. ಒಂದು ಅಂಚಿಗೆ ತಗಡಿನ ಪಾಯಖಾನೆಗಳ ಸಾಲು. ಸಮಿತಿಯವರು ನಮಗೆ ಅನುಮತಿ ಕೊಟ್ಟರು, ಜೊತೆಗೊಂದು ಕರಾರು ಹಾಕಿದರು: ಫಲಿತಾಂಶ ಅಂತಿಮ ವರದಿಯಲ್ಲಿ ಮಾತ್ರ, ಉತ್ಸವದ ನಡುವೆ ಏನೋ ಹೇಳಿ ಗಾಬರಿ ಎಬ್ಬಿಸಬಾರದು. ಮೇಡಂ ಸಹಿ ಹಾಕಿದರು. ನಾನು ಜೈನ, ಅಲ್ಲಿಯ ರೀತಿನೀತಿ ಗೊತ್ತಿರುತ್ತದೆ ಎಂದು ನನ್ನನ್ನೇ ಕಳಿಸಿದರು.

ಅಲ್ಲಿಗೆ ಚಂಪಾ ಅತ್ತೆಯೂ ಬಂದಿದ್ದಳು. ನನ್ನ ಅಪ್ಪನ ಅಕ್ಕ. ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ಶಹಾಪುರದ ಮನೆಗೆ ಮರಳಿದವಳು. ನಾನು ಎರಡನೆಯ ಇಯತ್ತೆಯಲ್ಲಿದ್ದಾಗ ಅವ್ವ ತೀರಿಕೊಂಡಳು. ಆಮೇಲೆ ನನಗೆ ಉಣಿಸಿ, ಬೈದು, ಓದಿಸಿದವಳು ಅತ್ತೆ. ವ್ರತ ಹಿಡಿದಿದ್ದಳು, ದಿನಕ್ಕೆ ಒಂದೇ ಊಟ. ಸಕ್ಕರೆ ಕಾಯಿಲೆ ಇತ್ತು. ಇಡೀ ಆಯುಷ್ಯದಲ್ಲಿ ಅವಳು ಬೇಡಿಕೊಂಡದ್ದು ಒಂದೇ: ಮುನಿಗಳಿಗೆ ತನ್ನ ಕೈಯಾರೆ ಆಹಾರ ಕೊಡಬೇಕು.

ಅದು ಕರೆದು ಬಡಿಸುವ ಊಟವಲ್ಲ. ಮುನಿಗಳು, ನಮ್ಮವರ ಬಾಯಲ್ಲಿ ಮಹಾರಾಜರು, ಬೆಳಿಗ್ಗೆ ಮನಸ್ಸಿನಲ್ಲಿ ಏನೋ ಒಂದು ಸಂಕಲ್ಪ ಮಾಡಿ ಹೊರಡುತ್ತಾರೆ. ಅದು ಏನೆಂದು ಯಾರಿಗೂ ಹೇಳುವುದಿಲ್ಲ. ಕಲಶ, ತೆಂಗಿನಕಾಯಿ ಹಿಡಿದು ಚೌಕಾಗಳ ಮುಂದೆ ನಿಂತ ಜನರ ನಡುವೆ ನಡೆದು ಹೋಗುತ್ತಾರೆ. ಚೌಕಾ ಎಂದರೆ ಮುನಿಗಳಿಗಾಗಿ ಮಡಿಯಿಂದ ಅಡುಗೆ ಮಾಡುವ ಮನೆ. ಮನಸ್ಸಿನ ಸಂಕಲ್ಪ ಎಲ್ಲಿ ಕೂಡಿ ಬರುತ್ತದೋ ಅಲ್ಲಿ ನಿಂತು ಬೊಗಸೆಯಲ್ಲೇ ಉಣ್ಣುತ್ತಾರೆ, ಇಲ್ಲವಾದರೆ ಉಪವಾಸ ಮರಳುತ್ತಾರೆ. ಅತ್ತೆ ಎಷ್ಟೋ ಊರುಗಳಲ್ಲಿ ಹೀಗೆ ನಿಂತಿದ್ದಳು. ಒಮ್ಮೆಯೂ ಯಾರೂ ಅವಳ ಮುಂದೆ ನಿಂತಿರಲಿಲ್ಲ. ಎಪ್ಪತ್ತು ದಾಟಿತ್ತು, ಇದೇ ಕಡೆಯ ಸಲ ಎಂದು ಅವಳಿಗೂ ಗೊತ್ತಿತ್ತು. ತಿಂಗಳ ಮೊದಲೇ ರವಿವಾರ ಪೇಟೆಗೆ ಹೋಗಿ ಅರಿಶಿನದ ಕೊಂಬು, ಕೊತ್ತಂಬರಿ ಕಾಳು ಆರಿಸಿ ತಂದು ಮನೆಯಲ್ಲೇ ಕುಟ್ಟಿಕೊಂಡಿದ್ದಳು.

ಮೊದಲ ದಿನ ಬಾಟಲಿ ತುಂಬಿಕೊಂಡು ಅವಳನ್ನು ನೋಡಲು ಹೋದೆ. ಬಿದಿರಿನ ತಡಿಕೆಯ ಆಚೆಯಿಂದಲೇ ಕೂಗಿದಳು.

"ಅಲ್ಲೇ ನಿಂದ್ರು! ಗಟಾರ ಮುಟ್ಟಿ ಬಂದಾಂವ ಚೌಕಾದ ಕಡೆ ಕಾಲ ಇಡಬ್ಯಾಡ."

"ಕೈಗೆ ಗ್ಲೌಸ್ ಹಾಕ್ಕೊಂಡಽ ಮುಟ್ಟೇನಿ ಅತ್ತಿ."

"ಕೈಗೆ ಹಾಕ್ಕೊಂಡಿ, ಮೈಗೆ? ಅಲ್ಲಿಂದಽ ನಾರಾಕತ್ತೀಯಲ್ಲೊ. ಇಷ್ಟ ಓದಿಸಿದ್ದು ಇದಕ್ಕೇನು ನಿನ್ನ!" ಎಂದು ನಕ್ಕು, ಒಂದು ಬಾಳೆಹಣ್ಣನ್ನು ತಡಿಕೆಯ ಮೇಲಿಂದ ನನ್ನ ಕಡೆ ಎಸೆದಳು.

ಚೌಕಾಗಳಿಗೆ ನಳದ ನೀರು ನಡೆಯುವುದಿಲ್ಲ, ಟ್ಯಾಂಕರಿನದೂ ನಡೆಯುವುದಿಲ್ಲ. ತೆರೆದ ಬಾವಿಯಿಂದ ಕೈಯಾರೆ ಸೇದಿ, ಎರಡು ಪದರ ಬಟ್ಟೆಯಲ್ಲಿ ಸೋಸಬೇಕು. ಬಟ್ಟೆಯಲ್ಲಿ ಉಳಿದ ಸಣ್ಣ ಜೀವಗಳು ಸಾಯಬಾರದೆಂದು ಅದನ್ನು ಅದೇ ಬಾವಿಗೆ ಮೆಲ್ಲಗೆ ಇಳಿಬಿಡಬೇಕು. ಇದಕ್ಕಾಗಿಯೇ ಹೊಲದಲ್ಲಿದ್ದ ಹಳೆಯ ಬಾವಿಯೊಂದನ್ನು ಹೂಳು ತೆಗೆದು ಸಿದ್ಧ ಮಾಡಿದ್ದರು. ಕಣ್ಣಿಗೆ ಕಾಣದ ಜೀವಗಳನ್ನು ಹಿಡಿಯಲು ನಾನು ಬಂದಿದ್ದೆ, ಅವರು ಬಿಡಲು ಕೂತಿದ್ದರು. ಈ ಮಾತನ್ನು ನಾನೇ ಇಸ್ಮಾಯಿಲ್ ಭಾಯಿಗೆ ಹೇಳಿ ನಗಾಡಿದ್ದೆ. ಇಸ್ಮಾಯಿಲ್ ಭಾಯಿ ನಮ್ಮ ಜೀಪಿನ ಡ್ರೈವರ್. ಅದಕ್ಕೂ ಮೊದಲು ಬೆಳಗಾವಿಯ ಒಳಚರಂಡಿಗಳಲ್ಲಿ ಅರ್ಧ ಆಯುಷ್ಯ ಕಳೆದವರು. ಪೈಪನ್ನು ನೋಡಿದರೆ ಸಾಕು, ಅದರ ಜಾತಕ ಹೇಳುತ್ತಿದ್ದರು.

ಮೂರನೆಯ ದಿನ ಬೆಳಿಗ್ಗೆ ಪಾಯಖಾನೆಗಳ ಪೈಪು ಗುಂಡಿಗೆ ಸೇರುವಲ್ಲಿ ನಾನು ನೀರು ಹಿಡಿಯುತ್ತಿದ್ದಾಗ ಅವರು ಸ್ವಲ್ಪ ಆಚೆ ಕುಕ್ಕರಗಾಲಿನಲ್ಲಿ ಕುಳಿತು ನೆಲ ಮುಟ್ಟಿ ನೋಡಿದರು.

"ಸರ, ಇಲ್ಲಿ ಬರ್ರಿ. ಪೈಪಿನ ಜೋಡ ಬಿಟ್ಟೈತಿ. ಗುಂಡಿಗೆ ಅರ್ಧ ನೀರ ಅಷ್ಟಽ ಹೊಂಟೈತಿ."

"ಉಳದದ್ದು?"

ಗದ್ದ ಎತ್ತಿ ಬಾವಿಯ ಕಡೆ ತೋರಿಸಿದರು. "ಬಾವಿ ಇಳಕಲಕ್ಕೈತಿ. ಈ ಕೆಂಪ ಮಣ್ಣ ನೀರ ಹಿಡಿಯೂದಿಲ್ರಿ, ಜರಡಿ ಇದ್ದಂಗ. ಬರದ ಕೊಡ್ರಿ ಯಾರಿಗರ."

ನಮ್ಮ ಫಾರ್ಮು ತೆಗೆದೆ. ಹೊತ್ತು, ಉಷ್ಣತೆ, ಬಣ್ಣ, ಹಿಡಿದವರ ಸಹಿ. ಬಾವಿ ಎಂಬ ಕಾಲಂ ಅದರಲ್ಲಿ ಇರಲಿಲ್ಲ. ಈಗಲೂ ನೆನೆದರೆ ನನಗೆ ಸಿಟ್ಟು ಬರುವುದು ಫಾರ್ಮಿನ ಮೇಲಲ್ಲ. ಅಂಚಿನಲ್ಲಿ ಬರೆಯಲು ಬೇಕಾದಷ್ಟು ಜಾಗ ಇತ್ತು.

ಸಮಿತಿಯ ಹಿರಿಯರಾದ ಅಣ್ಣಾಸಾಹೇಬರ ಬಳಿ ಹೋದೆ. ನಿವೃತ್ತ ಹೆಡ್‌ಮಾಸ್ತರು, ಒಳ್ಳೆಯ ಮನುಷ್ಯ. ಕೂಡಲೇ ಆಳು ಕರೆಸಿ ಪೈಪಿನ ಜೋಡಣೆಗೆ ಗೋಣಿ ಸುತ್ತಿಸಿ ಮೇಲೆ ಎರಡು ಬುಟ್ಟಿ ಮಣ್ಣು ಹಾಕಿಸಿದರು. ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿಸಿದರೆ ಚಲೋ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಅದನ್ನ ಹಾಕಿದ್ರ ಒಳಗಿನ ಜೀವ ಎಲ್ಲಾ ಸಾಯ್ತಾವು. ಆ ನೀರು ಚೌಕಾಕ್ಕ ನಡೀತೈತೇನು? ಹೊರಗಿನವ್ರು ಹೇಳಿದ್ರ ಬ್ಯಾರೆ. ನೀನೂ ನಮ್ಮಾಂವ ಅಲ್ಲೇನಪಾ?"

"ಹೌದ್ರಿ" ಎಂದು ಎದ್ದು ಬಂದೆ. ಜಗಳ ಆಡಬೇಕಾಗಲಿಲ್ಲವಲ್ಲ ಎಂದು ಒಳಗೊಳಗೆ ಸಮಾಧಾನವೇ ಆಯಿತು.

ಅದೇ ಮಧ್ಯಾಹ್ನ ಲ್ಯಾಬಿಗೆ ಬಂದು ಮೊದಲ ದಿನದ ನೀರಿನ ಪ್ಲೇಟುಗಳನ್ನು ತೆಗೆದೆ. ಬ್ಯಾಕ್ಟೀರಿಯಾ ಹರಡಿದ ಪ್ಲೇಟಿನ ಮೇಲೆ ಔಷಧದ ಸಣ್ಣ ಬಿಲ್ಲೆಗಳನ್ನು ಇಟ್ಟಿರುತ್ತೇವೆ. ಔಷಧ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ಬೆಳವಣಿಗೆ ಸತ್ತು ಒಂದು ಬರಿದಾದ ಉಂಗುರ ಕಾಣುತ್ತದೆ. ಆ ಪ್ಲೇಟಿನಲ್ಲಿ ಉಂಗುರವೇ ಇರಲಿಲ್ಲ. ಉಳಿದ ಔಷಧಗಳೆಲ್ಲ ಸೋತಾಗ ಆಸ್ಪತ್ರೆಯವರು ತೆಗೆಯುವ ಮೆರೊಪೆನಮ್ ಬಿಲ್ಲೆಯ ಅಂಚಿನವರೆಗೂ ಅವು ದಟ್ಟವಾಗಿ ಬೆಳೆದು ನಿಂತಿದ್ದವು. ಹನ್ನೆರಡು ವರ್ಷ ಪ್ಲೇಟು ನೋಡಿದ ನಾನು ಅದರ ಲೇಬಲ್ಲನ್ನು ಎರಡು ಸಲ ಓದಿದೆ.

ಸಂಜೆ ಸದಾಶಿವನಗರದ ಮೇಡಂ ಮನೆಗೆ ಹೋಗಿ ಹೇಳಿದೆ.

"ಒಂದ ಪ್ಲೇಟ್ ನೋಡಿ ಊರ ಎಬ್ಬಸಬ್ಯಾಡ ಭರತ. ನಾಳೆ ಮತ್ತ ಹಾಕು. ಹೆಂಗೂ ಗಟಾರದ ನೀರ ಯಾರೂ ಕುಡಿಯೂದಿಲ್ಲಲಾ?" ಎಂದರು.

ಅವರು ಕೇಳಿದ್ದು ಪ್ರಶ್ನೆಯಾಗಿತ್ತು. ನಾನು ಚಹಾ ಕುಡಿದೆ. ಬಾವಿಯ ಮಾತು ಎತ್ತಲಿಲ್ಲ. ಎತ್ತಿದ್ದರೆ ಆ ಗಳಿಗೆಯೇ ಅವರು ಫೋನು ಕೈಗೆತ್ತಿಕೊಳ್ಳುತ್ತಿದ್ದರು. ನಮ್ಮ ಜನರ ಉತ್ಸವವನ್ನು ನಮ್ಮವನೇ ನಿಲ್ಲಿಸಿದ ಎನ್ನಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ. ನಿಜ ಇಷ್ಟೇ. ಉಳಿದದ್ದೆಲ್ಲ ಆಮೇಲೆ ನಾನು ಕಟ್ಟಿಕೊಂಡ ಕಾರಣಗಳು.

ನಾಲ್ಕನೆಯ ದಿನ, ನೀರು ಸೇದಿಕೊಂಡು ಬರುತ್ತಿದ್ದ ಅತ್ತೆಯ ನಡಿಗೆ ನೋಡಿದೆ. ಎಡಗಾಲಿನ ಹಿಮ್ಮಡಿಯನ್ನಷ್ಟೇ ಊರುತ್ತಿದ್ದಳು. ಪೆಂಡಾಲಿನ ಹಿಂದೆ ಕೂರಿಸಿ ಕಾಲು ಎತ್ತಿಸಿದೆ. ಅಂಗಾಲಿನಲ್ಲಿ, ಹೆಬ್ಬೆರಳ ಕೆಳಗೆ, ಕಬ್ಬಿನ ಕೂಳೆ ಚುಚ್ಚಿದ ಗಾಯ. ಅರಿಶಿನ ಮೆತ್ತಿದ್ದಳು. ಸುತ್ತಲಿನ ಚರ್ಮ ನೆನೆದು ಬೆಳ್ಳಗಾಗಿತ್ತು, ನಡುವೆ ಕೀವು. ಸಕ್ಕರೆ ಕಾಯಿಲೆಯಿಂದ ಪಾದಗಳ ಅರಿವು ಅವಳಿಗೆ ಎಂದೋ ಹೋಗಿತ್ತು.

"ಯಾವಾಗ ಆತು ಇದು?"

"ಮೊದಲನೇ ದಿನ. ನೋವೇನಿಲ್ಲ ಬಿಡು."

"ನೋವಿಲ್ಲ ಅನ್ನೂದಽ ಕೆಟ್ಟದ್ದು ಅತ್ತಿ. ಏಳು, ದವಾಖಾನಿಗೆ ಹೋಗೂಣು."

ತುಟಿಯ ಮೇಲೆ ಬೆರಳಿಟ್ಟುಕೊಂಡಳು. "ಮೆತ್ತಗ ಮಾತಾಡು." ಕೀವು ಸೋರುವ ಮೈಯಿದ್ದವರು ಚೌಕಾದಲ್ಲಿ ನಿಲ್ಲುವಂತಿಲ್ಲ, ಆಹಾರ ಕೊಡುವಂತಿಲ್ಲ. ಗೊತ್ತಾದರೆ ಉಳಿದ ಹೆಂಗಸರು ಆ ಕ್ಷಣವೇ ಅವಳನ್ನು ಹೊರಗೆ ಕೂರಿಸುತ್ತಿದ್ದರು. "ಇನ್ನ ಮೂರ ದಿವಸ ಅಷ್ಟಽ. ಈ ಜನ್ಮದಾಗ ಮತ್ತೇನೂ ಕೇಳಿಲ್ಲ ನಾನು. ಯಾರ ಮುಂದೂ ಅನಬ್ಯಾಡ. ನನ್ನ ಮ್ಯಾಲ ಆಣಿ ಐತಿ ನಿನಗ."

ಕುಡಿಯುವ ನೀರನ್ನು, ಅಡುಗೆಯ ನೀರನ್ನು ಅವರು ಕುದಿಸುತ್ತಿದ್ದರು. ಕಾಲು ತೊಳೆಯುವ ನೀರನ್ನು ಯಾರು ಕುದಿಸುತ್ತಾರೆ? ಚೌಕಾದೊಳಗೆ ಹೋಗುವಾಗಲೆಲ್ಲ, ದಿನಕ್ಕೆ ಹತ್ತು ಸಲವಾದರೂ, ಅತ್ತೆ ಆ ಬಾವಿಯ ಹಸಿ ನೀರಿನಲ್ಲಿ ಕಾಲು ತೊಳೆಯುತ್ತಿದ್ದಳು. ಆ ನೀರು ಮುಟ್ಟಬೇಡ ಎಂದು ನಾನು ಹೇಳಬಹುದಿತ್ತು. ಹೇಳಿದ್ದರೆ ಯಾಕೆ ಎಂದು ಕೇಳುತ್ತಿದ್ದಳು. ಕಾರಣ ತಿಳಿದ ಮೇಲೆ ಆ ನೀರಿನ ಅಡುಗೆಯನ್ನು ಮಹಾರಾಜರ ಕೈಗೆ ಹಾಕಲು ಅವಳು ಪ್ರಾಣ ಹೋದರೂ ಒಪ್ಪುವವಳಲ್ಲ. ತನ್ನ ಚೌಕಾ ಮುಚ್ಚುತ್ತಿದ್ದಳು, ಎಲ್ಲರ ಚೌಕಾಗಳನ್ನೂ ಮುಚ್ಚಿಸುತ್ತಿದ್ದಳು. ಅವಳ ಒಂದೇ ಆಸೆಯನ್ನು ನನ್ನ ಬಾಯಿಂದ ಮುರಿಯಲು ಮನಸ್ಸಾಗಲಿಲ್ಲ.

ಬದಲಿಗೆ ನಾನು ಮಾಡಿದ್ದು ಏನು ಗೊತ್ತೇ? ಖಾನಾಪುರದ ಔಷಧಿ ಅಂಗಡಿಗೆ ಹೋಗಿ ಎರಡು ದಿನದ ಆ್ಯಂಟಿಬಯೋಟಿಕ್ ಗುಳಿಗೆ ತಂದೆ. ಮರಾಠಿಯಲ್ಲಿ ಕೇಳಿದೆ, ಅಂಗಡಿಯವ ಮರಾಠಿಯಲ್ಲೇ ಕೊಟ್ಟ. ಡಾಕ್ಟರ ಚೀಟಿಯ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ. ಜನ ಹೀಗೆ ಅರೆಬರೆ ಗುಳಿಗೆ ನುಂಗಿಯೇ ಬ್ಯಾಕ್ಟೀರಿಯಾಗಳು ಮೊಂಡು ಬೀಳುತ್ತವೆ ಎಂದು ಕಾಲೇಜು ಹುಡುಗರಿಗೆ ಪಾಠ ಹೇಳುವವನು ನಾನು. ಆ ಗುಳಿಗೆಗೆ ಅವು ಬಗ್ಗುವುದಿಲ್ಲ ಎಂದು ಹಿಂದಿನ ದಿನವೇ ಪ್ಲೇಟಿನಲ್ಲಿ ನೋಡಿದವನೂ ನಾನೇ. ಅತ್ತೆ ಗುಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ, "ಕ್ಯಾಪ್ಸೂಲ್ ಅಲ್ಲ ಹೌದಿಲ್ಲೊ? ಅದರ ಟೊಪಗಿ ಯಾತರ್ಲೆ ಮಾಡಿರ್ತಾರೊ ಏನೊ" ಎಂದು, ಪ್ರಾಣಿಯ ಅಂಶ ಇಲ್ಲವೆಂದು ಖಾತ್ರಿ ಮಾಡಿಕೊಂಡು ತನ್ನ ಒಂದು ಊಟದ ಜೊತೆ ನುಂಗಿದಳು.

ಐದನೆಯ ದಿನ ಮಹಾರಾಜರು ಅವಳನ್ನು ದಾಟಿ ಹೋದರು. ಎರಡನೆಯ ಸಲ ಹಾಕಿದ ಪ್ಲೇಟು ಅಂದೇ ಓದಲು ಬಂದಿತ್ತು. ಅದೂ ಮೊದಲಿನ ಹಾಗೆಯೇ ಇತ್ತು. ಮೇಡಂ ಊರಲ್ಲಿರಲಿಲ್ಲ. ವರದಿ ಬರೆದು ಅವರ ಮೇಜಿನ ಮೇಲೆ ಇಟ್ಟು ಬಂದೆ.

ಆರನೆಯ ದಿನ. ಸಾಲಿನಲ್ಲಿ ಅತ್ತೆ ಕಡೆಯವಳು. ಕಲಶ ಹಿಡಿದು, ಎಡಗಾಲಿನ ಹಿಮ್ಮಡಿಯನ್ನಷ್ಟೇ ಊರಿ ನಿಂತಿದ್ದಳು. "ನಮೋಸ್ತು ಸ್ವಾಮಿ, ಅತ್ರ ತಿಷ್ಠ, ಅತ್ರ ತಿಷ್ಠ" ಎಂದು ಎಲ್ಲರೂ ಕೂಗುತ್ತಿದ್ದರು. ಮಹಾರಾಜರು ನಡೆಯುತ್ತ ಬಂದರು, ಅವಳ ಮುಂದೆ ಬಂದರು, ನಿಂತರು. ಒಂದು ಗಳಿಗೆ ಅತ್ತೆಗೆ ನಂಬಿಕೆಯೇ ಬರಲಿಲ್ಲ. ಪಕ್ಕದವಳು ತಿವಿದ ಮೇಲೆ ಮೂರು ಸುತ್ತು ಪ್ರದಕ್ಷಿಣೆ ಬಂದಳು, ಆ ಕಾಲಿನಲ್ಲೇ. ಆಮೇಲೆ ಕೊಡುವವರು ಹೇಳಲೇಬೇಕಾದ ಮಾತುಗಳನ್ನು ಹೇಳಿದಳು. "ಮನ ಶುದ್ಧಿ, ವಚನ ಶುದ್ಧಿ, ಕಾಯ ಶುದ್ಧಿ." ಕಾಯ ಎನ್ನುವಾಗ ದನಿ ತಗ್ಗಿತು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ಆಹಾರ ಶುದ್ಧಿ, ಜಲ ಶುದ್ಧಿ." ತಡಿಕೆಯ ಹೊರಗೆ ನಾನು ಖಾಲಿ ಬಾಟಲಿ ಹಿಡಿದು ನಿಂತಿದ್ದೆ. ಆಗಲಾದರೂ ಬಾಯಿ ಬಿಡಬಹುದಿತ್ತು.

ಎಲ್ಲ ಮುಗಿದ ಮೇಲೆ ಹೊರಗೆ ಬಂದವಳು ಮಡಿಯನ್ನು ಮರೆತು ಎರಡೂ ಕೈಯಲ್ಲಿ ನನ್ನ ಗಲ್ಲ ಹಿಡಿದಳು. "ನಿಂತ್ರೊ ಭರತಾ! ನನ್ನ ಮುಂದ ನಿಂತ್ರೊ!" ಅಷ್ಟು ಸಂತೋಷವನ್ನು ನಾನು ಅವಳ ಮುಖದಲ್ಲಿ ಅದಕ್ಕೆ ಮೊದಲು ಕಂಡಿರಲಿಲ್ಲ. ಅವಳ ಅಂಗೈ ಕಾದ ಹಂಚಿನ ಹಾಗೆ ಸುಡುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಚಳಿ ಹತ್ತಿ ಮಾತು ತೊದಲತೊಡಗಿತು. ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ಕಾಲ ಬಳಿ ಗಟಾರದ ನೀರಿನ ಬಾಟಲಿಗಳಿದ್ದ ಐಸ್ ಪೆಟ್ಟಿಗೆ. ಕೆಳಗಿಳಿಸೋಣ ಎಂದು ನಾನು ಅಂದುಕೊಳ್ಳಲೂ ಇಲ್ಲ. ಅದನ್ನೂ ಹೊತ್ತುಕೊಂಡೇ ಬೆಳಗಾವಿಗೆ ಹೋದೆವು.

ಗಾಯದ ಮಾದರಿ ಪರೀಕ್ಷೆಗೆ ಬಂದದ್ದು ನಮ್ಮದೇ ಲ್ಯಾಬಿಗೆ. ನಾನೇ ಹಾಕಿದೆ, ನಾನೇ ಓದಿದೆ. ಉಂಗುರಗಳಿರಲಿಲ್ಲ. ಉಳಿದದ್ದು ಒಂದೇ ಒಂದು ಹಳೆಯ ಔಷಧ, ಕಿಡ್ನಿಯನ್ನು ಕೆಡಿಸುವಂಥದ್ದು. ಎರಡು ಪ್ಲೇಟುಗಳನ್ನೂ ಮೇಡಂ ಮುಂದೆ ಇಟ್ಟು ಬಾವಿಯ ಕಥೆ ಹೇಳಿದೆ. ಅವರು ಪ್ಲೇಟುಗಳನ್ನು ಪಕ್ಕಕ್ಕೆ ಸರಿಸಿದರು.

"ಮನಿಗೆ ಬಂದಾಗ ಇದನ್ನ ಯಾಕ ಹೇಳಲಿಲ್ಲ?"

ಅವರು ಖಾನಾಪುರಕ್ಕೆ ಫೋನು ಹಚ್ಚಿದರು. ಅಷ್ಟರಲ್ಲಿ ಪೆಂಡಾಲು ಬಿಚ್ಚಿ ಆಗಿತ್ತು, ಜನ ನಾಲ್ಕು ಜಿಲ್ಲೆಯ ಬಸ್ಸು ಹತ್ತಿ ಹೋಗಿದ್ದರು. ಬೇರೆ ಯಾರಿಗೆ ಏನಾಯಿತೋ ತಿಳಿಯುವ ದಾರಿಯೇ ಇರಲಿಲ್ಲ; ನಾವು ಯಾರ ಹೆಸರೂ ಬರೆದುಕೊಂಡಿರಲಿಲ್ಲ. ಗಟಾರದ್ದೂ ಅತ್ತೆಯ ಗಾಯದ್ದೂ ಒಂದೇ ಎಂದು ಹೇಳಲು ಇನ್ನೂ ದೊಡ್ಡ ಪರೀಕ್ಷೆ ಬೇಕು. ರೋಗಿಗಳ ಮಾದರಿಯನ್ನು ಅದಕ್ಕೆ ಕಳಿಸಲು ಯೋಜನೆಯಲ್ಲಿ ಅವಕಾಶ ಇರಲಿಲ್ಲ. ಆದ್ದರಿಂದ ಇವತ್ತಿಗೂ ನನಗೆ ಖಚಿತವಾಗಿ ಗೊತ್ತಿಲ್ಲ. ಗೊತ್ತಿಲ್ಲದಿರುವುದು ಸಮಾಧಾನ ಕೊಡುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಮೊಣಕಾಲಿನ ಕೆಳಗೆ ಕಾಲು ತೆಗೆದರು. ಎಚ್ಚರವಾದ ಮೇಲೆ ಅತ್ತೆ ಹೊದಿಕೆಯ ಮೇಲೆ ಕೈಯಾಡಿಸಿ ನೋಡಿದಳು. ಅಳಲಿಲ್ಲ. "ಹೋಗ್ಲಿ. ಅದರ ಕೆಲಸ ಮುಗದಿತ್ತು" ಎಂದಳು. ವಾರ್ಡಿನ ನರ್ಸುಗಳಿಗೆಲ್ಲ ಮಹಾರಾಜರು ತನ್ನ ಮುಂದೆ ನಿಂತ ಕಥೆಯನ್ನೇ ಹೇಳುತ್ತಿದ್ದಳು.

ಒಂದು ಸಂಜೆ ಇಸ್ಮಾಯಿಲ್ ಭಾಯಿ ನೋಡಲು ಬಂದರು. ಸ್ಟೂಲಿನ ಮೇಲೆ ಕುಳಿತು ಅವಳ ಪಟ್ಟಿ ಕಟ್ಟಿದ ಕಾಲನ್ನೇ ನೋಡಿದರು. ಮನಸ್ಸು ತಡೆಯದೆ ಅಂದರು, "ಅವತ್ತಽ ನಾ ಸರಗ ಹೇಳಿದ್ದೆ ಅಮ್ಮಾ. ಗಟಾರದ ನೀರ ಬಾವಿಗೆ ಹೊಂಟೈತಿ ಅಂತ." ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವಳಿಗೆ ಗೊತ್ತಿದೆ ಎಂದೇ ತಿಳಿದಿದ್ದರು.

ಅವರು ಹೋದ ಮೇಲೆ ಅತ್ತೆ ನನ್ನನ್ನು ಹತ್ತಿರ ಕರೆದಳು.

"ಯಾವ ದಿನ ಹೇಳಿದ್ದು ಅಂವ?"

"ಮೂರನೇ ದಿನ."

"ಮಹಾರಾಜರು ನನ್ನ ಚೌಕಾಕ್ಕ ಬಂದದ್ದು?"

"ಆರನೇ ದಿನ."

"ನಾ ಹೇಳೂಮುಂದ ನೀ ಅಲ್ಲೇ ನಿಂತಿದ್ದಿ."

"ಆ ನೀರ ಕುದಿಸಿದ್ರಿ ಅತ್ತಿ" ಎಂದೆ, ಲ್ಯಾಬಿನಲ್ಲಿ ವಾದಿಸುವವನ ಹಾಗೆ. "ಕುದಿಸಿದ್ರ ಒಂದೂ ಉಳಿಯೂದಿಲ್ಲ. ಅವರಿಗೇನೂ ಆಗಿಲ್ಲ, ಫೋನ್ ಮಾಡಿ ಕೇಳೇನಿ."

"ಹೊಲಸ ಕುದಿಸಿದ್ರ ಶುದ್ಧ ಆಗತೈತೇನು?" ದನಿ ಏರಿಸಲಿಲ್ಲ. "ಕಾಯ ಶುದ್ಧಿ ಅಂದದ್ದು ನನ್ನ ಸುಳ್ಳು. ಅದಕ್ಕ ಕಾಲ ಕೊಟ್ಟೆ, ತೀರ್ತು. ಜಲ ಶುದ್ಧಿ ಅಂದಾಗ ನಾ ಖರೇನಽ ಅಂದಿದ್ದೆ. ಅದನ್ನ ಸುಳ್ಳ ಮಾಡಿದಾಂವ ನೀನು. ನನ್ನ ಕೈಲೆ ಅವರ ಕೈಯಾಗ ಏನ ಹಾಕಿಸಿದ್ಯೊ ಭರತಾ?"

ಗೋಡೆಯ ಕಡೆ ಮುಖ ತಿರುಗಿಸಿದಳು. ಮಹಾರಾಜರ ಕಥೆಯನ್ನು ಆಮೇಲೆ ಯಾರಿಗೂ ಹೇಳಲಿಲ್ಲ.

ಆ ಹಳೆಯ ಔಷಧಕ್ಕೆ ಕಿಡ್ನಿ ನಿಂತಿತು. ಇನ್ನೂ ಐದು ದಿನ ಇದ್ದಳು. ನರ್ಸುಗಳ ಜೊತೆ ಮಾತಾಡಿದಳು, ನೋಡಲು ಬಂದ ಅಣ್ಣಾಸಾಹೇಬರ ಜೊತೆಗೂ ಎರಡು ಮಾತಾಡಿದಳು. ನನ್ನ ಜೊತೆ ಇಲ್ಲ. ಕಡೆಯ ದಿನ ಬೆಳಿಗ್ಗೆ ತುಟಿಗಳು ಒಣಗಿ ಬಿರಿದಿದ್ದವು. ಕುದಿಸಿ ಆರಿಸಿದ ನೀರನ್ನು ಚಮಚದಲ್ಲಿ ಹಿಡಿದು ಬಾಯಿಯ ಹತ್ತಿರ ತಂದೆ. ಕಣ್ಣು ತೆರೆದು ನನ್ನನ್ನು ನೋಡಿದಳು, ತುಟಿ ಬಿಗಿ ಹಿಡಿದಳು. ನೀರು ಗದ್ದದ ಮೇಲಿಂದ ಇಳಿದು ದಿಂಬಿಗೆ ಹೋಯಿತು. ಚಮಚವನ್ನು ನರ್ಸಿನ ಕೈಗೆ ಕೊಟ್ಟೆ. ಅವಳ ಕೈಯಿಂದ ಕುಡಿದಳು.